ಪಾತಿ ಇದ್ದ ಜಾಗ

ಗುರುವಾರವಷ್ಟೇ ಉಜ್ಜಿದ್ದ ಹಲಗೆಗಳ ಮೇಲೆ ಭಾನುವಾರ ಬೆಳಿಗ್ಗೆ ಮತ್ತೆ ಪಾಚಿ ಕೂತಿತ್ತು. ನೋರಾ ಹೆಸ್ಲಪ್ ಹಳೆಯ ದಿಂಬೊಂದನ್ನು ಮಂಡಿಯ ಕೆಳಗಿಟ್ಟುಕೊಂಡು, ಒಂದು ಹಿಡಿ ಉಪ್ಪು ಚೆಲ್ಲಿ, ಗಡುಸು ಬ್ರಷ್ಷಿನಿಂದ ಉಜ್ಜತೊಡಗಿದಳು. ಉಜ್ಜಿದಷ್ಟೂ ಪಾಚಿಯ ಜೊತೆ ನೀಲಿ ಬಣ್ಣವೂ ಏಳುತ್ತಿತ್ತು. ಹಿತ್ತಲಿನ ಈ ಗೋಡೆಯಿಂದ ಆ ಗೋಡೆಯವರೆಗೆ ಹಾಸಿದ ಮರದ ಜಗಲಿ, ಅದರ ಮೂಲೆಯಲ್ಲಿ ಅಲಂಕಾರಕ್ಕೆಂದು ಇಟ್ಟ, ಮೈಮೇಲೆ ನೀರು ಜಾರಬೇಕಾದ ಒಂದು ಉಕ್ಕಿನ ಚೆಂಡು, ಇನ್ನೊಂದು ಮೂಲೆಯಲ್ಲಿ ಮೊದಲ ಚಳಿಗಾಲದಲ್ಲೇ ಸತ್ತ, ಮರದಷ್ಟು ಎತ್ತರದ ಜರೀಗಿಡದ ಬುಡ. "ಇದು ಹಿತ್ತಲು ಅಂದ್ಕೋಬೇಡಿ ನೋರಾ, ಮನೆಗೆ ಇನ್ನೊಂದು ಕೋಣೆ ಸೇರ್ತು ಅಂದ್ಕೊಳ್ಳಿ, ಸೂರಿಲ್ಲದ ಕೋಣೆ" ಎಂದಿದ್ದ ಕೆಂಪು ಸ್ವೆಟರಿನ ಟೀವಿ ನಿರೂಪಕ, ಕ್ಯಾಮೆರಾದ ಕಡೆ ಅರ್ಧ, ಅವಳ ಕಡೆ ಅರ್ಧ ನೋಡುತ್ತ. ಒಳಗಿರುವ ನಾಲ್ಕು ಕೋಣೆಗಳಲ್ಲಿ ಎರಡಕ್ಕೆ ನಾವು ಕಾಲೇ ಇಡುವುದಿಲ್ಲವಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತ್ತು. ಹೇಳಿರಲಿಲ್ಲ. ಟೀವಿಯವರು ಹಿತ್ತಲು ಬದಲಿಸಿದ ಆ ಎರಡು ದಿನ ಅವಳು ಹೇಳದೆ ಉಳಿಸಿಕೊಂಡ ಮಾತುಗಳಲ್ಲಿ ಅದು ತೀರ ಸಣ್ಣದು.

"ನೋರಾ, ನನ್ನ ಕಂದು ಟೈ ಎಲ್ಲಿಟ್ಟಿದೀಯ?"

ಲೆನ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಹೊಸ್ತಿಲ ಒಳಗೇ. ಹದಿನೈದು ತಿಂಗಳಲ್ಲಿ ಅವನು ಆ ಹೊಸ್ತಿಲು ದಾಟಿದ್ದನ್ನು ಅವಳು ಕಂಡಿರಲಿಲ್ಲ. ಬೆಳಗಿನ ಚಾ ಮುಗಿದರೆ ಮುಂದಿನ ಕೋಣೆಯ ಕಿಟಕಿಗೆ ಕುರ್ಚಿ ಎಳೆದುಕೊಂಡು ಬಸ್ಸು ನಿಲ್ಲುವ ಜಾಗವನ್ನು ನೋಡುತ್ತ ಕೂರುತ್ತಿದ್ದ, ಹಿತ್ತಲಿಗೆ ಬೆನ್ನು. ಲಕ್ವ ಹೊಡೆದವನು, ಮೆಟ್ಟಿಲು ಇಳಿಯಲು ಅಂಜುತ್ತಾನೆ ಎಂದು ಅವಳು ಬಂದವರಿಗೆಲ್ಲ ಹೇಳುತ್ತಿದ್ದಳು. ಮುಂಬಾಗಿಲಿಗೆ ಮೂರು ಮೆಟ್ಟಿಲು, ಹಿಂಬಾಗಿಲಿಗೆ ಒಂದು. ಬಂದವರಲ್ಲಿ ಯಾರೂ ಎಣಿಸಿ ಹೇಳಲಿಲ್ಲ.

"ಟೈ ಯಾಕೆ?"

"ಕ್ಲಬ್ಬಿಗೆ. ಇವತ್ತು ಸಾರಲ್ವಾ."

ಬ್ರಷ್ಷು ಹಿಡಿದ ಕೈ ಹಾಗೇ ನಿಂತಿತು. ಸೆಪ್ಟೆಂಬರಿನ ಎರಡನೇ ಶನಿವಾರ ಗಣಿ ಕಾರ್ಮಿಕರ ಕ್ಲಬ್ಬಿನಲ್ಲಿ ಲೀಕ್ ಪ್ರದರ್ಶನ. ಮರುದಿನ ಮಧ್ಯಾಹ್ನ, ಗೆದ್ದ ಗಿಡ ಸೋತ ಗಿಡ ಎಲ್ಲವನ್ನೂ ಒಂದೇ ಹಂಡೆಗೆ ಹಾಕಿ ಊರಿಗೆಲ್ಲ ಸಾರು. ಗಣಿ ಮುಚ್ಚಿ ವರ್ಷಗಳಾದರೂ ಅದೊಂದು ನಿಂತಿರಲಿಲ್ಲ. ಹೆಂಗಸರು ಒಂಬತ್ತಕ್ಕೆ ಹೋಗಿ ಹೆಚ್ಚಲು ಕೂರಬೇಕು. ಮೂವತ್ತೇಳು ವರ್ಷ ಹೋದವಳು ನೋರಾ, ಹೋದ ವರ್ಷ ಮಾತ್ರ ತಲೆನೋವೆಂದು ಮಲಗಿದ್ದಳು. ಈ ವರ್ಷಕ್ಕೂ ಒಂದು ನೋವನ್ನು ಸಿದ್ಧಮಾಡಿಕೊಂಡಿದ್ದಳು, ಸೊಂಟದ್ದು.

"ನಂಗೆ ಸೊಂಟ..." ಎಂದಳು.

"ಬಗ್ಗಿ ಉಜ್ಜೋಕಾಗುತ್ತೆ, ಕೂತು ಹೆಚ್ಚೋಕಾಗಲ್ವಾ" ಎಂದ ಲೆನ್. ಗದರಿಕೆಯಲ್ಲ, ತಮಾಷೆಯೂ ಅಲ್ಲ. ಆಮೇಲೆ, "ನೀನು ಬಂದ್ರೆ ಹೋಗೋಣ, ಇಲ್ಲಾಂದ್ರೆ ಬೇಡ" ಎಂದು ಸೇರಿಸಿದ. ಟೈ ಬೀರುವಿನ ಬಾಗಿಲ ಹಿಂದೆ ಇದೆ ಎಂದಳು ಅವಳು.

ಈರುಳ್ಳಿಯ ದಾಯಾದಿಯಂಥ ಆ ಲೀಕ್ ಗಿಡ ಬೇರೆ ಊರುಗಳಲ್ಲಿ ಬರೀ ತರಕಾರಿ. ಈ ಊರಿನಲ್ಲಿ ಅದು ಗಂಡಸರ ಮಾನ. ತೋಳಿನಷ್ಟು ದಪ್ಪ, ಗೇಣುದ್ದಕ್ಕಿಂತ ಕಡಿಮೆ, ಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಕಪ್ಪು ಮಖಮಲ್ಲಿನ ಮೇಲೆ ಜೋಡಿಜೋಡಿಯಾಗಿ ಮಲಗಿಸುತ್ತಾರೆ. ತೀರ್ಪುಗಾರ ಅಳತೆಗೋಲು ಹಿಡಿದು ಬರುವಾಗ ಸಭಾಂಗಣದಲ್ಲಿ ಕೆಮ್ಮು ಕೂಡ ಕೇಳಿಸುವುದಿಲ್ಲ. ಗೆದ್ದವನಿಗೆ ಬೆಳ್ಳಿ ಬಟ್ಟಲು ಕೊಡುವ ಶೋಕಿ ಇಲ್ಲಿಲ್ಲ, ಮನೆಸಾಮಾನು ಕೊಡುತ್ತಾರೆ. ನೋರಾಳ ಮನೆಗೆ ಬಟ್ಟೆ ಒಗೆಯುವ ಯಂತ್ರ ಬಂದದ್ದು ಲೀಕ್‌ನಿಂದ, ಮೂರು ಜನ ಕೂರುವ ಸೋಫಾ ಲೀಕ್‌ನಿಂದ, ಗೋಡೆ ಗಡಿಯಾರ, ಹಾಸಿಗೆಯ ಹೊದಿಕೆ ಎಲ್ಲ ಅದರಿಂದ. ಕೊನೆಗೆ ಆ ದೊಡ್ಡ ಬಣ್ಣದ ಟೀವಿಯೂ. ಪ್ರತಿ ಶುಕ್ರವಾರ ಸಂಜೆ ಆ ಟೀವಿಯ ಮುಂದೆ ಆ ಸೋಫಾದಲ್ಲಿ ಕೂತು ಅವಳು ಬೇರೆಯವರ ಹಿತ್ತಲುಗಳು ಎರಡೇ ದಿನದಲ್ಲಿ ಬೇರೆಯಾಗುವುದನ್ನು ನೋಡುತ್ತಿದ್ದಳು. ಮನೆಯವರಿಗೆ ಗೊತ್ತಾಗದಂತೆ ಬರುತ್ತಾರೆ, ಹಳೆಯದನ್ನೆಲ್ಲ ಕಿತ್ತೆಸೆಯುತ್ತಾರೆ, ಆಮೇಲೆ ಮನೆಯವರನ್ನು ಕಣ್ಣು ಮುಚ್ಚಿಸಿ ಕರೆತಂದು, ತೆರೆಯಿರಿ ಎನ್ನುತ್ತಾರೆ. ಕಣ್ಣು ತೆರೆದವರು ಬಾಯಿ ಮುಚ್ಚಿಕೊಂಡು ಅಳುತ್ತಾರೆ. ಆ ಅಳುವಿಗಾಗಿಯೇ ಅವಳು ನೋಡುತ್ತಿದ್ದಳು. "ನಾಳೆ ಮಳೆ ಬಂದ್ರೆ ಆ ಹಲಗೆ ಮೇಲೆ ಹಂದಿನೂ ಜಾರಿ ಬೀಳುತ್ತೆ" ಎನ್ನುತ್ತಿದ್ದ ಲೆನ್ ಪತ್ರಿಕೆಯ ಹಿಂದಿನಿಂದ. "ಅಷ್ಟು ದೊಡ್ಡ ಗಿಡ ಕೊಂಡು ತಂದು ನೆಟ್ರೆ ಅದು ತೋಟಗಾರಿಕೆ ಅಲ್ಲ ಕಣೇ, ಪೀಠೋಪಕರಣ." ಅವಳು ನಗುತ್ತಿದ್ದಳು. ನಗುತ್ತಲೇ ಆ ಹೂವಿನ ಕಮಾನನ್ನು, ಕಮಾನಿನ ಕೆಳಗಿನ ಎರಡು ಕುರ್ಚಿಗಳನ್ನು, ಆ ಹೆಂಗಸಿನ ಬಿಳಿ ಚಪ್ಪಲಿಯನ್ನು ಕಣ್ಣಲ್ಲೇ ಮುಟ್ಟುತ್ತಿದ್ದಳು.

ಲೆನ್‌ನ ಹಿತ್ತಲಲ್ಲಿ ಕೊಂಡು ತಂದದ್ದು ಒಂದೂ ಇರಲಿಲ್ಲ. ಗಣಿಯ ಮನೆಗಳನ್ನು ಕೆಡವಿದಾಗ ಹೊತ್ತು ತಂದ ಕಿಟಕಿಗಳ ಗಾಜಿನಡಿ ಸಸಿಗಳು. ನೋರಾಳ ತಾಯಿ ಸ್ನಾನ ಮಾಡುತ್ತಿದ್ದ ತೊಟ್ಟಿಯಲ್ಲಿ ನೆನೆಹಾಕಿದ ಕುರಿಹಿಕ್ಕೆ, ಅದರ ವಾಸನೆಗೆ ಬೇಸಿಗೆಯಲ್ಲಿ ಅಡುಗೆಮನೆಯ ಕಿಟಕಿ ತೆರೆಯುವಂತಿಲ್ಲ. ಹಳೇ ಕಾರ್ಪೆಟ್ಟಿನ ತುಂಡುಗಳು, ತುಕ್ಕು ಹಿಡಿದ ತಗಡು, ಮೊಸರಿನ ಡಬ್ಬಿಗಳಲ್ಲಿ ಟೊಮೇಟೊ. ಬೇಲಿಯ ಈಚೆಗೆ ಹುರುಳಿಕಾಯಿ ಸಸಿ ಬಂದರೆ ಆಚೆಗೆ ಮೂಲಂಗಿ ಹೋಗುತ್ತಿತ್ತು. ನಡುವೆ ಲೀಕ್ ಪಾತಿ, ಎರಡು ಆಳು ಉದ್ದ, ಸೊಂಟದಾಳ. ಗಣಿಯೊಳಗಿನ ಕುದುರೆಗಳ ಲದ್ದಿ, ಪಕ್ಕದ ಮನೆಯ ಮೇವಿಸ್‌ಳ ಮಕ್ಕಳಾಡಿಸುವ ತಳ್ಳುಗಾಡಿಯಲ್ಲಿ ಸಮುದ್ರದಂಡೆಯಿಂದ ತಂದ ಕಡಲಪಾಚಿ, ಹೊಗೆಗೂಡಿನ ಮಸಿ, ಕ್ಲಬ್ಬಿನ ಪೀಪಾಯಿಯ ತಳದ ಬಿಯರು, ಮೂವತ್ತೆಂಟು ವರ್ಷ ತಿಂದು ತಿಂದು ಆ ಮಣ್ಣು ಕಪ್ಪಾಗಿ, ಹಿಡಿದರೆ ಕೇಕಿನಂತೆ ಉದುರುತ್ತಿತ್ತು. ಬೀಜವೂ ಅಂಗಡಿಯದಲ್ಲ. ಹೂಗೊಂಚಲಿನ ಮೇಲೆ ಹುಲ್ಲಿನಂತೆ ಮೂಡುವ ಮರಿಗಳನ್ನು ಬಿಡಿಸಿ ವರ್ಷ ವರ್ಷ ಬೆಳೆಸಿದ ತಳಿ, ಅವನ ಅಪ್ಪನಿಂದ ಬಂದದ್ದು. ಪ್ರದರ್ಶನದ ಮುಂಚಿನ ವಾರ ಗಂಡಸರು ಪಾತಿಯ ಪಕ್ಕದಲ್ಲೇ ಮಲಗುತ್ತಿದ್ದುದುಂಟು, ಯಾರಾದರೂ ಚಾಕು ಹಾಕಿಯಾರೆಂದು. ಹಾಗೆ ಒಮ್ಮೆ ತನ್ನ ಗೆಳೆಯನ ಪಾತಿಗೇ ಚಾಕು ಹಾಕಿದವನೊಬ್ಬನಿದ್ದ. ಅವನು ಸತ್ತಾಗ ಶವಪೆಟ್ಟಿಗೆ ಹೊರಲು ಆರು ಜನರನ್ನು ಕೂಡಿಸುವುದು ಕಷ್ಟವಾಯಿತು. ನೋರಾ ಅವನ ಮುಖವನ್ನು ನೆನಪಿಸಿಕೊಳ್ಳಲು ಎಷ್ಟೋ ಸಲ ಯತ್ನಿಸಿದ್ದಳು. ಅವನಾದರೂ ಹೊರಗಿನವನು, ಬೇಲಿ ಹಾರಿ ಬಂದವನು.

ಕ್ಲಬ್ಬಿಗೆ ನಡೆದು ಹೋಗಲು ಲೆನ್‌ಗೆ ಇಪ್ಪತ್ತೈದು ನಿಮಿಷ ಬೇಕಾಯಿತು. ಎಡಗಾಲನ್ನು ಎತ್ತಿಡುವುದಕ್ಕಿಂತ ಎಳೆದಿಡುವುದೇ ಹೆಚ್ಚು. ಅವಳು ಅರ್ಧ ಹೆಜ್ಜೆ ಹಿಂದೆ ನಡೆದಳು, ತೋಳು ಹಿಡಿಯಲಿಲ್ಲ; ಹಿಡಿದರೆ ಅವನಿಗೆ ಸೇರುವುದಿಲ್ಲವೆಂದು ಹೇಳಿಕೊಂಡಳು. ಬಾಗಿಲಲ್ಲೇ ಬಿಯರಿನ, ಬೇಯುತ್ತಿರುವ ಬಾರ್ಲಿಯ ವಾಸನೆ. ಬಾರಿನ ಬಳಿ ನಿಂತಿದ್ದ ನಾಲ್ಕೈದು ಜನ ಲೆನ್‌ನನ್ನು ಕಂಡು ಬೇಕಾದ್ದಕ್ಕಿಂತ ಜೋರಾಗಿ ಮಾತಾಡಿಸಿದರು. "ಬಾರೋ ಮುದುಕಾ, ಇನ್ನೂ ಇದೀಯಾ?" "ನಿನ್ನ ಕುರ್ಚಿ ಮೇಲೆ ಧೂಳು ಕೂತಿದೆ ನೋಡು." ಲೆನ್ ಬಾಯಿಯ ಒಂದೇ ಬದಿಯಿಂದ ನಕ್ಕ. ಆಗ ಹಿಂದಿನಿಂದ ಒಬ್ಬ, ಯಾರೆಂದು ಅವಳು ತಿರುಗಿ ನೋಡಲಿಲ್ಲ, "ನೋರಮ್ಮಾ, ಆ ಟೀವಿಯವರ ನಂಬರು ನನ್ನ ಹೆಂಡ್ತಿಗೂ ಕೊಡಮ್ಮ. ನಮ್ಮ ಹಿತ್ತಲಿಗಲ್ಲ, ಈಗ ಗೆಲ್ತಿರೋ ಸ್ಟ್ಯಾನ್ ಹಿತ್ತಲಿಗೆ ಕಳಿಸ್ಬೇಕು" ಎಂದ. ನಗು ಎದ್ದಿತು. ಲೆನ್ ಕೂಡ ನಗುತ್ತಿದ್ದ. ಅವಳು ಅಡುಗೆಮನೆಯ ತೂಗುಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಹೋದಳು, ಕೋಟು ಬಿಚ್ಚುವುದಕ್ಕೇ ಬಹಳ ಹೊತ್ತು ತೆಗೆದುಕೊಂಡಳು.

"ಬಂದ್ಯಾ ತಾಯಿ" ಎಂದಳು ಮೇವಿಸ್, ಮೇಜಿನ ಕೊನೆಯಲ್ಲಿ ಜಾಗ ಮಾಡುತ್ತ. "ನಿನ್ನ ಚಾಕು ಯಾರೂ ಮುಟ್ಟಿಲ್ಲ. ಕೂತ್ಕೋ. ಅವರ ಮಾತಿಗೆಲ್ಲ ಕಿವಿ ಕೊಡ್ಬೇಡ, ಗಣಿ ಮುಚ್ಚಿದ ಮೇಲೆ ಬಾಯಿಗೆ ಮಾತ್ರ ಕೆಲಸ ಉಳಿದಿರೋದು ಅವಕ್ಕೆ."

ಮುಂದೆ ತಟ್ಟೆಯಲ್ಲಿ ಬೆಳ್ಳಗಿನ ದಪ್ಪ ಕಾಂಡಗಳು. ಮೊದಲ ಕೊಯ್ತಕ್ಕೇ ಆ ಹಸಿ ವಾಸನೆ ಮೂಗಿಗೇರಿತು. ಹೋದ ವರ್ಷದ ಜೂನ್ ತಿಂಗಳು, ಟೀವಿಯವರು ಬಂದ ಎರಡನೇ ದಿನ, ಬೆಳಿಗ್ಗೆ ಹತ್ತೂ ಕಾಲು. ಅವಳು ಅವರಿಗೆ ಕಾಗದದಲ್ಲಿ ಬರೆದದ್ದು ನಿಜ: ನನ್ನ ಗಂಡನಿಗೆ ಲಕ್ವ ಹೊಡೆದಿದೆ, ಇನ್ನು ಅಗೆಯಬಾರದು ಎಂದಿದ್ದಾರೆ ಡಾಕ್ಟರು, ಸಮುದ್ರದ ಕಡೆಯ ಆರೈಕೆ ಮನೆಯಲ್ಲಿದ್ದಾನೆ, ಬಂದಾಗ ಸುಮ್ಮನೆ ಕೂರಲು ಒಂದು ಚಂದದ ಜಾಗ ಇದ್ದರೆ. ಹಿತ್ತಲಲ್ಲಿ ಈಗ ಏನಿದೆ ಎಂಬಲ್ಲಿ, 'ಒಂದಷ್ಟು ತರಕಾರಿ' ಎಂದು ಬರೆದಿದ್ದಳು. ಲೀಕ್ ಪಾತಿ ಎಂದು ಬರೆಯಲು ಪೆನ್ನು ಏಳಲಿಲ್ಲ. ಲಂಡನ್ನಿನ ಯಾವುದೋ ಆಫೀಸಿನಲ್ಲಿ ಯಾವುದೋ ಹುಡುಗಿ ಓದಿ ಪಕ್ಕದವಳಿಗೆ ತೋರಿಸಿ ನಗುತ್ತಾಳೆ ಎನ್ನಿಸಿತ್ತು. ಬಂದವರಿಗೆ ಬಾಯಲ್ಲಿ ಹೇಳಿದರಾಯಿತು, ಅದೊಂದು ಬಿಟ್ಟು ಉಳಿದದ್ದು ಮಾಡಿ ಎಂದು. ಬಂದವರು ಹದಿನೆಂಟು ಜನ. ತಂತಿ, ದೀಪ, ಛತ್ರಿ, ಯಾರೋ ಅವಳ ಮೂಗಿಗೆ ಪೌಡರು ಹಚ್ಚಿದರು. ಎಲ್ಲರೂ ಎಷ್ಟು ಒಳ್ಳೆಯವರು, ಅವಳ ಹೆಸರು ಹಿಡಿದು ಕರೆದರು, ಅವಳ ಚಾ ಬಗ್ಗೆ ಇಂಥ ಚಾ ಕುಡಿದೇ ಇಲ್ಲ ಎಂದರು. ಮೊದಲ ದಿನ ತೊಟ್ಟಿ ಹೋಯಿತು, ಕಿಟಕಿಗಳು ಹೋದವು. ಅವಳು ಬಾಯಿ ತೆರೆದಾಗಲೆಲ್ಲ ಯಾರೋ ಒಬ್ಬ ಒಳ್ಳೆಯವ ಅವಳನ್ನು ಮೆಲ್ಲಗೆ ಬದಿಗೆ ಸರಿಸಿ, "ಈಗ ಮಾತಾಡ್ಬೇಡಿ, ಚಿತ್ರ ತೆಗೀತಿದಾರೆ" ಎನ್ನುತ್ತಿದ್ದ. ಎರಡನೇ ಬೆಳಿಗ್ಗೆ ಹತ್ತೂ ಕಾಲಿಗೆ ಎಂಟು ಲೋಟಗಳ ತಟ್ಟೆ ಹಿಡಿದು ಹಿಂಬಾಗಿಲಿಗೆ ಬಂದಾಗ, ಮಣ್ಣು ತೋಡುವ ಪುಟ್ಟ ಯಂತ್ರ ತನ್ನ ಕೈ ಎತ್ತಿ ಪಾತಿಯ ಮೇಲೆ ಹಿಡಿದಿತ್ತು. ಗಿಡಗಳು ಮೊಣಕಾಲೆತ್ತರ ಬಂದಿದ್ದವು. ಇನ್ನೂ ಸಮಯವಿತ್ತು. ನಿಲ್ಲಿಸಿ ಎಂದರೆ ಸಾಕಿತ್ತು. ಯಂತ್ರದ ಮೇಲೆ ಕೂತವನು ಅವಳನ್ನು ನೋಡಿದ ಕೂಡ, ಹುಬ್ಬೆತ್ತಿ, ಏನಾದರೂ ಹೇಳುವುದಿದೆಯಾ ಎಂಬಂತೆ. ಎಷ್ಟು ಜನ ಎಷ್ಟು ದೂರದಿಂದ ಬಂದಿದ್ದಾರೆ. ಈಗ ನಿಲ್ಲಿಸಿದರೆ ಅವರಿಗೆ ಎಷ್ಟು ಬೇಜಾರು. ನೋರಾ ಅವನಿಗೆ ಹೇಳಿದ್ದು, "ಸಕ್ಕರೆ ಎಷ್ಟು ಹಾಕ್ಲಿ?"

"ಎರಡು" ಎಂದ. ಕೈ ಕೆಳಗಿಳಿಯಿತು.

ಇದನ್ನು ಅವಳು ಮನಸ್ಸಿನಲ್ಲಿ ಎಷ್ಟೋ ಸಲ ಆಡಿದ್ದಾಳೆ, ಮರ್ಯಾದೆಗೆ ಅಂಜಿ ಬಾಯಿ ಕಟ್ಟಿತು ಎಂದು ತನಗೇ ಹೇಳಿಕೊಂಡಿದ್ದಾಳೆ. ಅದು ಪೂರ್ತಿ ನಿಜವಾಗಿದ್ದರೆ ಲೆನ್‌ಗೆ ಯಾವತ್ತೋ ಹೇಳಿಬಿಡುತ್ತಿದ್ದಳು. ಹೇಳಲಾಗದ್ದು ಅದರ ಮುಂದಿನದು. ಕಪ್ಪು ಮಣ್ಣು ಗುಪ್ಪೆಗುಪ್ಪೆಯಾಗಿ ಕಸದ ತೊಟ್ಟಿಗೆ ಬೀಳುವಾಗ, ತಗಡುಗಳೂ ಕಾರ್ಪೆಟ್ಟುಗಳೂ ಇಲ್ಲದ ಆ ಬಯಲಿನ ಮೇಲಿಂದ ಬೆಳಕು ನೇರವಾಗಿ ಅಡುಗೆಮನೆಯ ಕಿಟಕಿಗೆ ಬಂದು ಬಿದ್ದಿತ್ತು, ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಪಾತ್ರೆ ತೊಳೆಯುವ ಜಾಗದವರೆಗೆ. ಆಗ ಅವಳ ಎದೆಯೊಳಗೆ ಏನೋ ಹಗುರಾಗಿ ಮೇಲೆದ್ದಿತ್ತು. ಚಾ ಬಗ್ಗಿಸುವಷ್ಟು ಹೊತ್ತು. ಅದು ಸಂತೋಷ, ಬೇರೆ ಹೆಸರು ಹುಡುಕಿದರೂ ಸಿಗಲಿಲ್ಲ. ಸಂಜೆ ಲೆನ್‌ನನ್ನು ಕಣ್ಣು ಮುಚ್ಚಿಸಿ ಕರೆತಂದರು. ತೆರೆಯಿರಿ ಎಂದರು. ಅವನು ತೆರೆದು, ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿ, ಅವಳ ಕಡೆ ತಿರುಗಿ, "ಚೆನ್ನಾಗಿದೆ ಕಣೇ. ತುಂಬಾ ಚೆನ್ನಾಗಿದೆ" ಎಂದ. ಕಣ್ಣಿನಿಂದ ಒಂದೇ ಒಂದು ಹನಿ. ಅದನ್ನು ತೆರೆ ತುಂಬ ಹಿಗ್ಗಿಸಿ ತೋರಿಸಿದರು. ಊರೂರಿನಿಂದ ಗುರುತಿಲ್ಲದವರು ಕಾಗದ ಬರೆದರು, ನಿಮ್ಮ ಯಜಮಾನರ ಆನಂದ ನೋಡಿ ನಾವೂ ಅತ್ತೆವು ಎಂದು.

"ಇಷ್ಟು ದಪ್ಪ ಹೆಚ್ಚಿದ್ರೆ ಬೇಯೋದು ಕ್ರಿಸ್‌ಮಸ್ಸಿಗೆ" ಎಂದಳು ಮೇವಿಸ್, ಅವಳ ಕೈ ನೋಡುತ್ತ. ನೋರಾ ತೆಳ್ಳಗೆ ಹೆಚ್ಚಿದಳು.

ಸ್ಟ್ಯಾನ್ ಫೆನ್ವಿಕ್ ಕೊನೆಯ ತಟ್ಟೆ ಹೊತ್ತುಕೊಂಡು ಬಂದ. ಲೆನ್‌ನ ಜೊತೆ ಇಪ್ಪತ್ತಾರು ವರ್ಷ ಒಂದೇ ಪಾಳಿಯಲ್ಲಿ ಗಣಿಗೆ ಇಳಿದವನು, ಅಷ್ಟೇ ವರ್ಷ ಲೀಕ್‌ನಲ್ಲಿ ಅವನಿಗೆ ಎರಡನೆಯವನಾಗಿ ಉಳಿದವನು. ಹೋದ ವರ್ಷವೂ ಈ ವರ್ಷವೂ ಮೊದಲನೆಯವನು. ಗೆದ್ದ ಜೋಡಿಯನ್ನು ಅವಳ ಮುಂದೆ ಇಟ್ಟ. ಮೇವಿಸ್ ಖಾಲಿ ಹಂಡೆ ತರಲು ಹಿಂದಿನ ಕೋಣೆಗೆ ಹೋಗಿದ್ದಳು, ಉಳಿದವರು ಒಲೆಯ ಬಳಿ.

"ಇದನ್ನ ನೀನೇ ಹೆಚ್ಬೇಕು ನೋರಾ. ಬೇರೆಯವರಿಗೆ ಕೊಡಲ್ಲ" ಎಂದ.

ಅವಳು ಚಾಕು ಕೆಳಗಿಟ್ಟಳು. "ಯಾಕೆ, ಉಪಕಾರ ತೀರಿಸೋಕಾ? ಊರೆಲ್ಲ ಹೇಳ್ತಿದೆ, ಸ್ಟ್ಯಾನ್‌ಗೆ ದಾರಿ ಮಾಡಿಕೊಟ್ಟಿದ್ದು ನೋರಾ ಅಂತ. ಹೊಸ ಫ್ರಿಜ್ಜು ಬಂತಂತಲ್ಲ, ನನ್ನ ಹೆಸರು ಬರೆಸು ಅದರ ಮೇಲೆ."

ಸ್ಟ್ಯಾನ್‌ನ ಮುಖ ಕೆಂಪಾಯಿತು. ದೊಡ್ಡ ದೇಹದ ಮನುಷ್ಯ, ನಾಚಿಕೆಯಾದರೆ ಎಲ್ಲಿ ನಿಲ್ಲಬೇಕೆಂದು ತಿಳಿಯದವನು. "ಆ ಗೆಲುವು ನಂಗೆ ಬೇಕಿತ್ತು ಅಂದ್ಕೊಂಡಿದೀಯಾ? ಅವನಿಲ್ದೆ ಗೆದ್ದು ಏನು ಮಾಡ್ಲಿ ನಾನು, ಯಾರ ಮುಂದೆ ಮೆರೀಲಿ?" ತೂಗುಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಾನು ಅವನಿಗೆ ಹೇಳಿದ್ದೆ ನೋರಾ. ಮುಂಚೇನೇ."

"ಏನು ಹೇಳಿದ್ದೆ?"

"ಅವರು ಬರ್ತಾರೆ ಅಂತ. ಆ ಟೀವಿ ಹುಡುಗಿ ಗುರುವಾರ ಕ್ಲಬ್ಬಿಗೆ ಬಂದು, ಗುಟ್ಟು ಬಿಟ್ಟುಕೊಡ್ಬೇಡಿ, ಹಲಗೆ ಹೊರೋಕೆ ನಾಲ್ಕು ಜನ ಬನ್ನಿ ಅಂತ ಕೇಳಿದ್ಲು. ನಂಗೆ ನಿದ್ದೆ ಬರ್ಲಿಲ್ಲ. ಶುಕ್ರವಾರ ಬಸ್ಸು ಹತ್ತಿ ಆರೈಕೆ ಮನೆಗೆ ಹೋದೆ. ಎಲ್ಲಾ ಹೇಳ್ದೆ."

ಒಲೆಯ ಬಳಿ ಯಾರೋ ಉಪ್ಪು ಸಾಲದು ಎಂದರು, ಯಾರೋ ಸಾಕು ಎಂದರು.

"ಅವನು ಏನಂದ?" ಎಂದಳು ನೋರಾ. ತನ್ನ ದನಿ ಅಂಗಡಿಯಲ್ಲಿ ಬೆಲೆ ಕೇಳುವವಳ ದನಿಯಂತೆ ಅವಳಿಗೆ ಕೇಳಿಸಿತು.

"ಮೊದ್ಲು ಏನೂ ಅನ್ಲಿಲ್ಲ. ಸಮುದ್ರ ನೋಡ್ತಾ ಕೂತಿದ್ದ. ನಾನಂದೆ, ಎರಡು ತಾಯಿಗಿಡ ಆದ್ರೂ ಕಿತ್ತು ನನ್ನ ಪಾತೀಲಿ ಇಟ್ಕೋತೀನಿ ಕಣೋ, ತಳಿ ಉಳಿಯುತ್ತೆ, ಮಣ್ಣು ಮತ್ತೆ ಮಾಡ್ಕೋಬಹುದು. ಬೇಡ ಅಂದ. ಕಿತ್ರೆ ಅವಳಿಗೆ ಗೊತ್ತಾಗುತ್ತೆ, ನಂಗೆ ಗೊತ್ತು ಅಂತ. ಆಮೇಲೆ ಅವಳು ನಿಲ್ಲಿಸಿಬಿಡ್ತಾಳೆ. ಮೂವತ್ತೆಂಟು ವರ್ಷ ಅಡುಗೆಮನೆ ಕಿಟಕಿಯಿಂದ ನನ್ನ ತಗಡು ನೋಡಿದಾಳೆ, ಒಂದು ಗುಲಾಬಿ ಗಿಡಕ್ಕೆ ಜಾಗ ಕೇಳಿದವಳಲ್ಲ. ಅವಳಾಗಿ ಒಂದು ಬೇಕು ಅಂದಿರೋದು ಇದೇ ಮೊದಲು. ಬಿಡು, ಆಗ್ಲಿ ಅಂದ."

ಅವಳ ಕೈ ಲೀಕ್‌ನ ಬಿಳಿ ಕಾಂಡದ ಮೇಲಿತ್ತು. ಅದು ತಣ್ಣಗಿತ್ತು, ಹಾಲಿನ ಜಿಡ್ಡು ಇನ್ನೂ ಇತ್ತು.

"ಆಮೇಲೆ..." ಸ್ಟ್ಯಾನ್ ಗಂಟಲು ಸರಿಮಾಡಿಕೊಂಡ. "ಆಮೇಲೆ ನನ್ನನ್ನ ಎದುರಿಗೆ ಕೂರಿಸ್ಕೊಂಡು, ಚೆನ್ನಾಗಿದೆ ಅಂತ ಹೇಳ್ತೀನಿ, ನಂಬೋ ಹಾಗಿದ್ಯಾ ನೋಡು ಅಂದ. ಬಾಯಿ ಎಡಗಡೆ ಜೋತುಬಿದ್ದಿತ್ತಲ್ಲ ಆಗ, ನಕ್ರೆ ಅತ್ತ ಹಾಗೆ ಕಾಣ್ತಿತ್ತು. ನಾನು ಇಲ್ಲ ಕಣೋ, ನಂಬಲ್ಲ ಅಂದೆ. ಮತ್ತೆ ಹೇಳ್ದ. ನರ್ಸು ಚಾ ತರೋವರೆಗೂ ಹೇಳ್ತಾನೇ ಇದ್ದ. ನಾನು ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಈಗ ನೀನು ಫ್ರಿಜ್ಜು ಅಂದೆ ನೋಡು, ತಡೀಲಾಗ್ಲಿಲ್ಲ."

ಮೇವಿಸ್ ಹಂಡೆಯ ಸಮೇತ ಬಂದಳು. "ಏನೋ ಸ್ಟ್ಯಾನ್, ಗೆದ್ದವನಿಗೆ ಹೆಂಗಸರ ಕೋಣೇಲೇನು ಕೆಲಸ? ಹೆಚ್ಚೋದಾದ್ರೆ ಕೂತ್ಕೋ, ಇಲ್ಲಾಂದ್ರೆ ನಡಿ." ಸ್ಟ್ಯಾನ್ ಹೊರಟುಹೋದ. ನೋರಾ ಗೆದ್ದ ಜೋಡಿಯನ್ನು ಹೆಚ್ಚಿದಳು, ಎರಡನ್ನೂ, ಬುಡದಿಂದ ತುದಿಯವರೆಗೆ. ಕಣ್ಣಲ್ಲಿ ನೀರು ಬಂದರೆ ಈ ಕೋಣೆಯಲ್ಲಿ ಯಾರೂ ಯಾಕೆಂದು ಕೇಳುವುದಿಲ್ಲ. ಆದರೆ ಬರಲಿಲ್ಲ. ಹದಿನೈದು ತಿಂಗಳು ಅವಳು ಅವನ ಬಾಯಿಂದ ಒಂದು ಬೈಗುಳಕ್ಕೆ ಕಾದಿದ್ದಳು. ಏನು ಮಾಡಿಬಿಟ್ಟೆ ಎಂದು ಅವನು ಒಮ್ಮೆ ಕೂಗಿದರೆ, ತಟ್ಟೆಯನ್ನು ಗೋಡೆಗೆ ಎಸೆದರೆ, ತಾನೂ ಕ್ಷಮಿಸು ಎಂದುಬಿಡಬಹುದೆಂದು ಕಾದಿದ್ದಳು. ಅವನ ಮೌನವನ್ನು ಸಿಟ್ಟೆಂದು ತಿಳಿದು ಅದರ ಸುತ್ತ ಹೆಜ್ಜೆ ಸಪ್ಪಳವಾಗದಂತೆ ಓಡಾಡಿದ್ದಳು. ಸಿಟ್ಟಾಗಿರಲಿಲ್ಲ ಅದು. ಕೊಟ್ಟವನು ಕೊಟ್ಟದ್ದನ್ನು ತಿರುಗಿ ನೋಡಬಾರದೆಂದು ಬೆನ್ನು ಮಾಡಿ ಕೂತದ್ದು. ಅವನು ಕೊಟ್ಟದ್ದಾದರೂ ಯಾತಕ್ಕೆ? ಚಾ ಬಗ್ಗಿಸುವಷ್ಟು ಹೊತ್ತು ಬದುಕಿದ್ದ ಒಂದು ಸಂತೋಷಕ್ಕೆ. ಅವಳಿಗೂ ಆ ಜಗಲಿ ಬೇಡವಾಗಿತ್ತು. ಬಂದ ಮೊದಲ ವಾರವೇ ಬೇಡವಾಗಿತ್ತು. ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ಯಾರದೋ ಮನೆಯ ಹಿತ್ತಲಿಗೆ ತಾನು ಕದ್ದು ಇಣುಕುತ್ತಿರುವಂತೆ ಅನ್ನಿಸುತ್ತಿತ್ತು. ಅದನ್ನು ಹೇಳಿದರೆ, ಅಪ್ಪನಿಂದ ಬಂದ ತಳಿಯೂ ಮೂವತ್ತೆಂಟು ವರ್ಷದ ಮಣ್ಣೂ ಯಾತಕ್ಕೂ ಅಲ್ಲದೆ ಹೋದವು ಎಂದು ಅವನಿಗೆ ಹೇಳಿದಂತೆ. ಹೇಳದಿದ್ದರೆ, ಅವನು ಉಳಿದ ದಿನವೆಲ್ಲ ಬಸ್ಸು ನಿಲ್ಲುವ ಜಾಗ ನೋಡುತ್ತ ಕೂರುತ್ತಾನೆ.

ಬಡಿಸುವ ಕಿಂಡಿಯಿಂದ ಸಭಾಂಗಣ ಕಾಣುತ್ತಿತ್ತು. ಲೆನ್ ತನ್ನ ಹಳೆಯ ಕುರ್ಚಿಯಲ್ಲಿ, ಟೈ ಸ್ವಲ್ಪ ಓರೆ. ಯಾರೋ ಒಬ್ಬ ಮೇಜಿನ ಮೇಲೆ ಕೈಯಗಲಿಸಿ ತನ್ನ ಪಾತಿಯ ಉದ್ದ ತೋರಿಸುತ್ತಿದ್ದ, ಲೆನ್ ತಲೆಯಾಡಿಸಿ ಕೇಳುತ್ತಿದ್ದ. ಕೇಳುವಾಗ ಅವನ ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ತುದಿಯ ಮೇಲೆ ಮೆಲ್ಲನೆ ಆಡುತ್ತಿತ್ತು, ಮಣ್ಣನ್ನು ಉದುರಿಸಿ ನೋಡುವವನಂತೆ. ಅವಳೇ ಬಟ್ಟಲು ಒಯ್ದು ಅವನ ಮುಂದೆ ಇಟ್ಟಳು. ಅವನು ಒಂದು ಚಮಚ ಕುಡಿದ.

"ಸ್ಟ್ಯಾನ್‌ದಾ?"

"ಎಲ್ಲರದೂ ಸೇರಿದೆ."

"ಸ್ಟ್ಯಾನ್‌ದು ಗೊತ್ತಾಗುತ್ತೆ. ಗೊಬ್ಬರ ಜಾಸ್ತಿ ಮಾಡಿದಾನೆ" ಎಂದ. ಇನ್ನೊಂದು ಚಮಚ ಕುಡಿದ. "ಪರವಾಗಿಲ್ಲ. ಕಲೀತಾನೆ."

ಮೂರು ಗಂಟೆಗೆ ಹೊರಟರು. ಮೋಡ ಮುಚ್ಚಿತ್ತು, ಸಮುದ್ರದ ಕಡೆಯಿಂದ ಗಾಳಿ. ಈ ಸಲ ಅವಳು ಅವನ ಎಡತೋಳು ಹಿಡಿದಳು. ಅವನು ಬಿಡಿಸಿಕೊಳ್ಳಲಿಲ್ಲ, ಒಮ್ಮೆ ಕೈಯನ್ನು, ಒಮ್ಮೆ ಅವಳನ್ನು ನೋಡಿದ.

"ಸ್ಟ್ಯಾನ್ ಬಹಳ ಹೊತ್ತು ಒಳಗಿದ್ದ" ಎಂದ.

"ಹೂಂ. ದೊಡ್ಡ ಸೌಟು ಹುಡುಕ್ತಿದ್ದ."

"ಸೌಟಾ?"

"ಸೌಟೇ."

ಬೇಕರಿ ದಾಟಿದರು, ಚರ್ಚು ದಾಟಿದರು. ಗಣಿಯ ಗೇಟು ಇದ್ದ ಕಡೆ ಈಗ ಕಾರು ನಿಲ್ಲಿಸುವ ಬಯಲು; ಅಲ್ಲಿ ಅವನು ಯಾವತ್ತಿನಂತೆ ಮುಖ ತಿರುಗಿಸದೆ ನಡೆದ. ಅವಳ ಬಾಯಿಯಲ್ಲಿ ಮಾತು ಬಂದು ಬಂದು ನಿಲ್ಲುತ್ತಿತ್ತು. ನಂಗೆ ಗೊತ್ತಾಯ್ತು ಕಣೋ. ಹೀಗೆ ಶುರುಮಾಡಬಹುದು. ಅಥವಾ, ಆ ಯಂತ್ರದವನು ನನ್ನ ಮುಖ ನೋಡಿದ್ದ. ಅಥವಾ ಏನೂ ಇಲ್ಲದೆ ಬರೀ, ಕ್ಷಮಿಸು. ಕೊನೆಗೆ ಹೊರಬಂದದ್ದು ಬೇರೆಯೇ.

"ಲೆನ್, ಆ ಹಲಗೆ ಎಲ್ಲಾ ತೆಗೆಸಿಬಿಡೋಣ್ವಾ?"

ಅವನು ನಿಂತ. ಅವಳ ಕಡೆ ಪೂರ್ತಿ ತಿರುಗಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು, ಮೊದಲು ಭುಜ, ಆಮೇಲೆ ಸೊಂಟ, ಆಮೇಲೆ ಕಾಲು.

"ಯಾಕೆ? ನಿಂಗೆ ಇಷ್ಟ ಇಲ್ವಾ?"

ಅಂಥ ಮುಖವನ್ನು ಅವಳು ಅವನಲ್ಲಿ ಯಾವತ್ತೂ ನೋಡಿರಲಿಲ್ಲ. ಗಣಿ ಕುಸಿದು ಎರಡು ದಿನ ಒಳಗಿದ್ದು ಹೊರಬಂದಾಗಲೂ ನೋಡಿರಲಿಲ್ಲ. ಹೆದರಿದ್ದ. ಅವಳ ಬಾಯಿಂದ ಮುಂದಿನ ಮಾತು ಏನು ಬರುತ್ತದೋ ಎಂದು, ಅರವತ್ತೊಂಬತ್ತು ವರ್ಷದ ಮನುಷ್ಯ, ಬೀದಿಯ ನಡುವೆ, ಹೆದರಿ ನಿಂತಿದ್ದ.

"ಇಷ್ಟ ಕಣೋ" ಎಂದಳು ನೋರಾ. "ಇಷ್ಟಾನೇ. ನಿಂಗೆ ಜಾರುತ್ತಲ್ಲ ಅಂತ ಅಂದೆ, ಅಷ್ಟೇ."

"ನಂಗೇನು ಜಾರೋದು." ಅವನ ಭುಜ ಇಳಿಯಿತು, ಉಸಿರು ಬಿಟ್ಟ ಸದ್ದು ಅವಳಿಗೆ ಕೇಳಿಸಿತು. ಬಾಯಿಯ ಬಲಬದಿ ಮೇಲಕ್ಕೆ ಹೋಯಿತು, ಎಡಬದಿಯೂ ಹಿಂದೆಯೇ ಹೋಗಲು ಯತ್ನಿಸಿತು. "ಹೋಗಿ ಚಾ ಅಲ್ಲೇ ಕುಡಿಯೋಣ ಇವತ್ತು. ಹೊರಗಡೆ. ನೀನು ಹೇಳ್ತಾನೇ ಇದ್ದೆಯಲ್ಲ, ಬಾ ಕೂತ್ಕೋ ಅಂತ. ಬಿಸಿಲಿದೆ."

ಬಿಸಿಲಿರಲಿಲ್ಲ. "ಹೂಂ, ಕೂರೋಣ" ಎಂದಳು ಅವಳು.

ಮನೆಯ ಬೀದಿಗೆ ತಿರುಗಿದ ಮೇಲೆ ಇಬ್ಬರೂ ನಡಿಗೆ ನಿಧಾನ ಮಾಡಿದರು. ಅವನ ಕಾಲಿಗಾಗಿ ಎಂಬಂತೆ ಅವಳು, ಅವಳ ಸೊಂಟಕ್ಕಾಗಿ ಎಂಬಂತೆ ಅವನು.